ಥ್ರೆಡ್ ಕೆಟ್ಟ ರಂಧ್ರಕ್ಕೆ ಮರುಜೀವ: ದುರಸ್ತಿಯ ತಂತ್ರ ಮತ್ತು ವ್ಯವಹಾರ

ಸಣ್ಣ ಇಂಜಿನಿಯರಿಂಗ್ ಘಟಕಗಳಲ್ಲಿ ಪದೇ ಪದೇ ಕಾಣಸಿಗುವ ಒಂದು ಸನ್ನಿವೇಶವಿದೆ. ಗ್ರಾಹಕ ಕಂಪನಿಯು ಕಳುಹಿಸಿದ ಅಲ್ಯೂಮಿನಿಯಂ ಹೌಸಿಂಗ್‌ಗಳ ಮೇಲೆ ಬೋರಿಂಗ್, ಮಿಲ್ಲಿಂಗ್, ಡ್ರಿಲ್ಲಿಂಗ್ ಎಲ್ಲವೂ ಮುಗಿದಿರುತ್ತದೆ. ಅಳತೆಗಳು ಸರಿಯಾಗಿರುತ್ತವೆ. ಸಂಜೆಯೊಳಗೆ ಮಾಲು ರವಾನೆಯಾಗಬೇಕು. ಕೊನೆಯ ಹಂತದಲ್ಲಿ ಮುಚ್ಚಳವನ್ನು ಕೂರಿಸಿ ಬೋಲ್ಟು ಬಿಗಿಯುವಾಗ, ಬಿಗಿತ ಏರುತ್ತಾ ಬಂದ ಸ್ಪ್ಯಾನರ್ ಒಮ್ಮೆಲೇ ಹಗುರವಾಗಿ ಸುತ್ತತೊಡಗುತ್ತದೆ. ಫಿಟ್ಟರನು ಬೋಲ್ಟನ್ನು ಹೊರತೆಗೆದು ನೋಡಿದರೆ ಅದರ ಸುತ್ತುಗಳ ನಡುವೆ ಬೆಳ್ಳಿಯ ಸುರುಳಿಯಂತೆ ಅಲ್ಯೂಮಿನಿಯಂ ಸಿಕ್ಕಿಕೊಂಡಿರುತ್ತದೆ. ಥ್ರೆಡ್ ಹೋಯಿತು ಎಂದು ಅವನು ಮೇಲ್ವಿಚಾರಕನ ಮುಖ ನೋಡುತ್ತಾನೆ.

ಆ ಕ್ಷಣದಲ್ಲಿ ಹಾಳಾಗಿರುವುದು ಒಂದು ರಂಧ್ರ ಮಾತ್ರ. ಆದರೆ ಲೆಕ್ಕದ ಪುಸ್ತಕದಲ್ಲಿ ಅದು ಬೇರೆಯೇ ರೂಪ ತಾಳುತ್ತದೆ. ಜಾಬ್ ವರ್ಕ್ ವ್ಯವಹಾರದಲ್ಲಿ ಎರಕದ ಬಿಡಿಭಾಗವು ಸಾಮಾನ್ಯವಾಗಿ ಗ್ರಾಹಕನದು. ಘಟಕಕ್ಕೆ ದೊರೆಯುವುದು ಯಂತ್ರಗಾರಿಕೆಯ ಕೂಲಿ ಮಾತ್ರ. ಒಂದು ಹೌಸಿಂಗ್‌ಗೆ ದೊರೆಯುವ ಕೂಲಿ 100 ರೂಪಾಯಿ, ಎರಕದ ಬೆಲೆ 2,000 ರೂಪಾಯಿ ಎಂದು ಉದಾಹರಣೆಗಾಗಿ ಇಟ್ಟುಕೊಂಡರೂ, ಒಂದು ಹೌಸಿಂಗ್ ತಿರಸ್ಕೃತವಾಗಿ ಡೆಬಿಟ್ ನೋಟ್ ಬಂದರೆ ಇಪ್ಪತ್ತು ಹೌಸಿಂಗ್‌ಗಳ ದುಡಿಮೆ ಅಲ್ಲಿಗೆ ತೀರಿತು. ಹೀಗಾಗಿ ಹಾಳಾದ ರಂಧ್ರವನ್ನು ಹೇಗಾದರೂ ಮಾಡಿ ದಾಟಿಸಿಬಿಡಬೇಕೆಂಬ ಪ್ರಲೋಭನೆ ಹುಟ್ಟುವುದು ಅಸಹಜವೇನಲ್ಲ. ಸಣ್ಣ ಉದ್ದಿಮೆದಾರನಿಗೆ ನಿಜವಾದ ಅಪಾಯ ಎದುರಾಗುವುದು ಆ 'ಹೇಗಾದರೂ' ಎಂಬ ಮಾತಿನಲ್ಲಿಯೇ.

ಥ್ರೆಡ್ ಏಕೆ ಕೆಡುತ್ತದೆ?

ಬೋಲ್ಟನ್ನು ಬಿಗಿದಾಗ ಅದರ ಭಾರವನ್ನು ಎಲ್ಲ ಸುತ್ತುಗಳೂ ಸಮನಾಗಿ ಹೊರುತ್ತವೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವ ಹಾಗಿಲ್ಲ. ಹಿಡಿತಕ್ಕೆ ಬಂದ ಮೊದಲ ಸುತ್ತೇ ಒಟ್ಟು ಭಾರದ ಸುಮಾರು ಮೂರರಲ್ಲೊಂದು ಪಾಲನ್ನು ಹೊರುತ್ತದೆ. ಮುಂದಿನ ಸುತ್ತುಗಳ ಪಾಲು ಕ್ರಮೇಣ ಇಳಿಯುತ್ತಾ ಹೋಗುತ್ತದೆ. ಉಕ್ಕಿನ ಬೋಲ್ಟು ಅಲ್ಯೂಮಿನಿಯಂ ರಂಧ್ರದಲ್ಲಿ ಕುಳಿತಾಗ ದುರ್ಬಲವಾದದ್ದು ರಂಧ್ರದ ಥ್ರೆಡ್. ಮೊದಲ ಸುತ್ತು ಸೋತರೆ ಅದರ ಭಾರ ಎರಡನೆಯದರ ಮೇಲೆ ಬೀಳುತ್ತದೆ, ಅದೂ ಸೋಲುತ್ತದೆ. ಫಿಟ್ಟರನ ಕೈಗೆ ಒಮ್ಮೆಲೇ ಹಗುರವಾದಂತೆ ಅನುಭವವಾಗುವುದು ಈ ಸರಣಿ ಸೋಲಿನಿಂದ.

ಉಕ್ಕಿನ ರಂಧ್ರದಲ್ಲಿ ಬೋಲ್ಟಿನ ವ್ಯಾಸದಷ್ಟು ಆಳದ ಹಿಡಿತವಿದ್ದರೆ ಸಾಮಾನ್ಯವಾಗಿ ಸಾಕು. ಅಲ್ಯೂಮಿನಿಯಂನಲ್ಲಿ ವ್ಯಾಸದ ಒಂದೂವರೆಯಿಂದ ಎರಡು ಪಟ್ಟು ಬೇಕು. ಎಂ6 ಬೋಲ್ಟಿಗೆ ಅಲ್ಯೂಮಿನಿಯಂನಲ್ಲಿ 9ರಿಂದ 12 ಮಿ.ಮೀ. ಹಿಡಿತವಿರಬೇಕಾದಲ್ಲಿ 6 ಮಿ.ಮೀ. ಮಾತ್ರ ಇದ್ದರೆ, ಆ ತಪ್ಪು ನಕ್ಷೆ ಬರೆದವನದು. ಹೊಣೆ ಮಾತ್ರ ಬೋಲ್ಟು ಬಿಗಿದವನ ತಲೆಗೆ ಬರುತ್ತದೆ. ಉಳಿದ ಕಾರಣಗಳು ಕಾರ್ಖಾನೆಯ ಒಳಗಿನವು. ಎಂ6ಕ್ಕೆ 5 ಮಿ.ಮೀ. ಡ್ರಿಲ್ ಬಳಸಬೇಕಾದಲ್ಲಿ ಟ್ಯಾಪ್ ಮುರಿಯದಿರಲೆಂದು 5.3 ಅಥವಾ 5.4 ಬಳಸುವುದು, ಸವೆದ ಟ್ಯಾಪನ್ನು ಎಸೆಯಲು ಮನಸ್ಸು ಬಾರದಿರುವುದು, ತಳಮುಚ್ಚಿದ ರಂಧ್ರದ ಆಳದಲ್ಲಿ ಚಿಪ್ಸ್ ಉಳಿದಿರುವುದು, ಮೊದಲ ಎರಡು ಸುತ್ತನ್ನು ಕೈಯಿಂದ ಕೂರಿಸದೆ ನೇರವಾಗಿ ಗಾಳಿಯಂತ್ರದಿಂದ ಬಿಗಿಯುವುದು. 8.8 ದರ್ಜೆಯ ಎಂ6 ಬೋಲ್ಟಿಗೆ ಉಕ್ಕಿನಲ್ಲಿಯೇ ಸುಮಾರು 10 ನ್ಯೂಟನ್ ಮೀಟರ್ ಬಿಗಿತ ಸಾಕಾಗುತ್ತದೆ. ಉದ್ದನೆಯ ಹಿಡಿಯ ಸ್ಪ್ಯಾನರ್ ಹಿಡಿದ ಬಲಿಷ್ಠ ಕೈಗೆ ಇದನ್ನು ಮೀರುವುದು ಕಷ್ಟವೇ ಅಲ್ಲ.

ಇವೆಲ್ಲಕ್ಕಿಂತ ಭಿನ್ನವಾದ ಇನ್ನೊಂದು ಕಾರಣವು ಹಳೆಯ ಯಂತ್ರಗಳ ದುರಸ್ತಿಯಲ್ಲಿ ಎದುರಾಗುತ್ತದೆ. 1841ರಲ್ಲಿ ವಿಟ್‌ವರ್ತ್ ರೂಪಿಸಿದ ಬ್ರಿಟಿಷ್ ಥ್ರೆಡ್ಡಿನ ಕೋನ 55 ಡಿಗ್ರಿ. ಇಂದಿನ ಮೆಟ್ರಿಕ್ ಥ್ರೆಡ್ಡಿನದು 60 ಡಿಗ್ರಿ. ಬ್ರಿಟನ್, ಅಮೆರಿಕ ಮತ್ತು ಕೆನಡಾ ದೇಶಗಳು ಒಂದೇ ಬಗೆಯ ಇಂಚಿನ ಥ್ರೆಡ್ಡಿಗೆ ಒಪ್ಪಿದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1948ರಲ್ಲಿ. ಅದಕ್ಕೂ ಮುಂಚಿನ ಬ್ರಿಟಿಷ್ ಲೇತುಗಳೂ ಪಂಪುಗಳೂ ನಮ್ಮ ಕಾರ್ಖಾನೆಗಳಲ್ಲಿ ಬಹುಕಾಲ ದುಡಿದಿವೆ. 5/16 ಇಂಚಿನ ರಂಧ್ರಕ್ಕೆ ಎಂ8 ಬೋಲ್ಟು ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಅನಂತರ ಬಿಗಿಯಾಗುತ್ತದೆ. ಬಿಗಿಯಾದದ್ದು ಒಳ್ಳೆಯದೇ ಎಂದು ಬಲ ಹಾಕಿದರೆ ಥ್ರೆಡ್ ನಾಶವಾಗುತ್ತದೆ. ದುರಸ್ತಿಗೆ ಬಂದ ರಂಧ್ರದ ಮೂಲ ಥ್ರೆಡ್ ಯಾವುದೆಂದು ಪಿಚ್ ಗೇಜಿನಿಂದ ಗುರುತಿಸದೆ ಡ್ರಿಲ್ ಎತ್ತಬಾರದು.

'ಎಂ6 ಹೋದರೆ ಎಂ8'

ಕೆಟ್ಟ ರಂಧ್ರಕ್ಕೆ ನಮ್ಮಲ್ಲಿ ರೂಢಿಯಲ್ಲಿರುವ ಮೊದಲ ಪರಿಹಾರ ಮುಂದಿನ ಅಳತೆಯ ಟ್ಯಾಪ್ ಹೊಡೆಯುವುದು. ಎಂ6 ಹೋದರೆ ಎಂ8, ಎಂ8 ಹೋದರೆ ಎಂ10. ತೋಟದ ಪಂಪಿಗೋ ಸ್ವಂತ ಕಾರ್ಖಾನೆಯ ಕಟ್ಟೆಗೋ ಇದು ನಡೆದೀತು. ಗ್ರಾಹಕನ ಬಿಡಿಭಾಗಕ್ಕೆ ನಡೆಯದು. ಆ ಹೌಸಿಂಗ್ ತಲುಪುವ ಜೋಡಣಾ ಘಟಕದಲ್ಲಿ ಕೆಲಸಗಾರನ ಮುಂದಿನ ಡಬ್ಬಿಯಲ್ಲಿ ಎಂ6 ಬೋಲ್ಟುಗಳು ಮಾತ್ರ ಇರುತ್ತವೆ. ಮುಚ್ಚಳದಲ್ಲಿರುವುದೂ ಎಂ6ಕ್ಕೆ ಕೊರೆದ ರಂಧ್ರ. ಒಂದು ರಂಧ್ರ ಬೇರೆ ಅಳತೆಯದಾದರೆ ಮುಚ್ಚಳವನ್ನೂ ಕೊರೆಯಬೇಕು, ಬೋಲ್ಟನ್ನೂ ಬದಲಿಸಬೇಕು. ಬಿಡಿಭಾಗಗಳು ಪರಸ್ಪರ ಬದಲಾಯಿಸಬಹುದಾದಂತೆ ಇರಬೇಕೆಂಬ ತತ್ತ್ವದ ಮೇಲೆಯೇ ಆಧುನಿಕ ಉತ್ಪಾದನೆ ನಿಂತಿದೆಯಾದ್ದರಿಂದ ಈ ಬಗೆಯ ಪರಿಹಾರ ಅದರ ಬುಡಕ್ಕೇ ಕೊಡಲಿ.

ಎಪಾಕ್ಸಿ ತುಂಬಿ ಮತ್ತೆ ಟ್ಯಾಪ್ ಹೊಡೆಯುವ ಪದ್ಧತಿಯೂ ಇದೆ. ಹೆಸರಿನ ಫಲಕವನ್ನೋ ತೆಳುವಾದ ಮುಚ್ಚಳವನ್ನೋ ಹಿಡಿಯಲು ಅದು ಸಾಲಬಹುದು. ಭಾರ ಹೊರುವ ಬೋಲ್ಟಿಗೆ ಅದನ್ನು ನಂಬುವುದು ಆತ್ಮವಂಚನೆ. ಬೆಸುಗೆ ತುಂಬಿ ಹೊಸದಾಗಿ ಕೊರೆಯುವುದು ಮೂರನೆಯ ದಾರಿ. ನುರಿತ ಕೈಯಲ್ಲಿ ಇದು ಸಾಧ್ಯ. ಆದರೆ ಶಾಖೋಪಚಾರದಿಂದ ಗಟ್ಟಿಗೊಳಿಸಿದ ಅಲ್ಯೂಮಿನಿಯಂ ಬೆಸುಗೆಯ ಸುತ್ತಮುತ್ತ ತನ್ನ ಬಲವನ್ನು ಕಳೆದುಕೊಳ್ಳುತ್ತದೆ, ಮುಗಿಸಿದ ಬೋರಿನ ಅಳತೆ ಸೊಟ್ಟಗಾಗುತ್ತದೆ, ಪ್ರೆಷರ್ ಡೈ ಕಾಸ್ಟಿಂಗ್ ಆದರಂತೂ ಒಳಗೆ ಸಿಕ್ಕಿಕೊಂಡ ಗಾಳಿ ಕಾವಿಗೆ ಗುಳ್ಳೆಯಾಗಿ ಹೊರಬರುತ್ತದೆ. ಒಂದು ರಂಧ್ರ ಉಳಿಸಲು ಹೋಗಿ ಇಡೀ ಮೇಲ್ಮೈ ಕಳೆದುಕೊಂಡವರಿದ್ದಾರೆ.

ಪಿಸ್ತೂಲಿನ ಚೌಕಟ್ಟು ಹೇಳುವ ಕಥೆ

ಥ್ರೆಡ್ ಎಂಬುದು ಸವೆಯುವ ವಸ್ತು, ಆದುದರಿಂದ ಅದನ್ನು ಬದಲಾಯಿಸಲು ಬರುವಂತೆ ಮಾಡಬೇಕು ಎಂಬ ವಿಚಾರವನ್ನು ನೂರು ವರ್ಷಗಳಿಗೂ ಹಿಂದೆಯೇ ಕಾರ್ಯರೂಪಕ್ಕೆ ತಂದ ಒಂದು ಉದಾಹರಣೆ ಬಂದೂಕು ತಯಾರಿಕೆಯಲ್ಲಿ ದೊರೆಯುತ್ತದೆ. ಜಾನ್ ಬ್ರೌನಿಂಗ್ ವಿನ್ಯಾಸಗೊಳಿಸಿದ ಪಿಸ್ತೂಲನ್ನು ಅಮೆರಿಕದ ಸೇನೆ 1911ರಲ್ಲಿ ಅಂಗೀಕರಿಸಿತು. ಆ ವರ್ಷವೇ ಅದರ ಹೆಸರಾಯಿತು. 1985ರಲ್ಲಿ ಬೆರೆಟ್ಟಾ ಪಿಸ್ತೂಲು ಅದರ ಸ್ಥಾನಕ್ಕೆ ಆಯ್ಕೆಯಾಗುವವರೆಗೆ ಏಳು ದಶಕಗಳಿಗೂ ಮಿಕ್ಕಿ ಅದು ಸೇವೆಯಲ್ಲಿತ್ತು.

ಈ ಪಿಸ್ತೂಲಿನ ಹಿಡಿಯ ಎರಡೂ ಬದಿಗೆ ಮರದ ಅಥವಾ ಪ್ಲಾಸ್ಟಿಕ್ಕಿನ ಹಲಗೆಗಳಿದ್ದು, ಬದಿಗೆ ಎರಡರಂತೆ ನಾಲ್ಕು ಸ್ಕ್ರೂಗಳು ಅವನ್ನು ಹಿಡಿದಿರುತ್ತವೆ. ಹಿಡಿಯೊಳಗೆ ಮದ್ದುಗುಂಡಿನ ಮ್ಯಾಗಜೀನ್ ಜಾರಿ ಬರಬೇಕಾದ್ದರಿಂದ ಚೌಕಟ್ಟಿನ ಗೋಡೆ ತೆಳ್ಳಗಿದೆ. ಸ್ವಚ್ಛಗೊಳಿಸುವಾಗಲೆಲ್ಲ ಬಿಚ್ಚಿ ಹಾಕುವ ಸ್ಕ್ರೂವಿಗೆ ಇಷ್ಟು ತೆಳುವಾದ ಗೋಡೆಯಲ್ಲಿ ನೇರವಾಗಿ ಥ್ರೆಡ್ ಕೊರೆದರೆ ಅದು ಬಹುಕಾಲ ಬಾಳದು. ಆದುದರಿಂದ ಸ್ಕ್ರೂವನ್ನು ಚೌಕಟ್ಟಿಗೆ ಹಾಕದೆ, ಚೌಕಟ್ಟಿನಲ್ಲಿ ಒಂದು ಚಿಕ್ಕ ಬುಷ್ ಕೂರಿಸಿ ಆ ಬುಷ್ಷಿನೊಳಗೆ ಸ್ಕ್ರೂ ಹಾಕುವ ವ್ಯವಸ್ಥೆ ಮಾಡಲಾಯಿತು. ಪದೇ ಪದೇ ಬಿಚ್ಚುವ ಥ್ರೆಡ್ ಬುಷ್ಷಿನಲ್ಲಿದೆ. ಅದು ಸವೆದರೆ ಬುಷ್ ಬದಲಾಯಿಸಿದರಾಯಿತು; ಬೆಲೆಬಾಳುವ ಚೌಕಟ್ಟು ಉಳಿಯುತ್ತದೆ.

ಈ ಬುಷ್ಷಿನ ಹೊರ ವ್ಯಾಸ ಸುಮಾರು 6 ಮಿ.ಮೀ., ಅದರ ಹೊರಗಣ ಥ್ರೆಡ್ ಇಂಚಿಗೆ 60 ಸುತ್ತು. ಹೀಗಾಗಿ ಒಂದು ಸುತ್ತಿನ ಆಳ ಮಿಲಿಮೀಟರಿನ ಕಾಲು ಭಾಗದ ಆಸುಪಾಸಿನಲ್ಲಿರುತ್ತದೆ. ಇಷ್ಟು ನವುರಾದ ಥ್ರೆಡ್ ಒಮ್ಮೆ ಕೂರಿಸಿ ಅಲುಗಿಸದೆ ಬಿಟ್ಟರೆ ಬಾಳುತ್ತದೆ. ತೊಂದರೆ ಆರಂಭವಾಗುವುದು ಸ್ಕ್ರೂ ಬುಷ್ಷಿನೊಳಗೆ ಕಚ್ಚಿಕೊಂಡಾಗ. ಸ್ಕ್ರೂ ಬಿಚ್ಚಲು ಹೋದರೆ ಬುಷ್ಷೇ ಅದರ ಜೊತೆ ತಿರುಗಿ ಹೊರಬರುತ್ತದೆ, ಬರುವಾಗ ಚೌಕಟ್ಟಿನ ನವುರಾದ ಸುತ್ತುಗಳನ್ನು ಕೆಡಿಸುತ್ತದೆ. 1950ರ ಸುಮಾರಿಗೆ ಅಲ್ಯೂಮಿನಿಯಂ ಚೌಕಟ್ಟಿನ ಮಾದರಿಗಳು ಮಾರುಕಟ್ಟೆಗೆ ಬಂದ ಮೇಲೆ ಈ ದೂರು ಹೆಚ್ಚಾದುದು ಸಹಜವೇ. ಅಲ್ಲಿನ ಪರವಾನಗಿ ಪಡೆದ ಬಂದೂಕು ಕುಶಲಕರ್ಮಿಗಳು ಇದಕ್ಕೆ ಕಂಡುಕೊಂಡ ಪರಿಹಾರ, ಹೊರ ವ್ಯಾಸ ತುಸು ದೊಡ್ಡದಿರುವ ಬುಷ್. ಚೌಕಟ್ಟಿನ ರಂಧ್ರಕ್ಕೆ ಅದೇ ಅಳತೆಯ ವಿಶೇಷ ಟ್ಯಾಪ್ ಹೊಡೆದು ಹೊಸ ಬುಷ್ ಕೂರಿಸಲಾಗುತ್ತದೆ. ಒಳಗಿನ ಥ್ರೆಡ್ ಮೊದಲಿನದೇ ಆದ್ದರಿಂದ ಹಳೆಯ ಸ್ಕ್ರೂ, ಹಳೆಯ ಹಲಗೆ ಎರಡೂ ಹಾಗೆಯೇ ಹೊಂದುತ್ತವೆ. ಬುಷ್ಷಿನ ತುದಿ ಚೌಕಟ್ಟಿನ ಒಳಗೋಡೆಯನ್ನು ದಾಟಿ ಒಂದಿಷ್ಟು ಹೊರಚಾಚಿದರೂ ಮ್ಯಾಗಜೀನ್ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದೊಂದೇ ಅಲ್ಲಿ ವಹಿಸಬೇಕಾದ ವಿಶೇಷ ಎಚ್ಚರ. ಹೊರಗಿನ ಅಳತೆ ಹಿಗ್ಗಬಹುದು, ಒಳಗಿನದು ಹಿಗ್ಗಕೂಡದು: ಎಂ6 ಹೋದರೆ ಎಂ8 ಎನ್ನುವ ನಮ್ಮ ರೂಢಿಗೂ ಈ ಪದ್ಧತಿಗೂ ಇರುವ ಅಂತರ ಇದೇ.

ಇಲ್ಲಿ ಉದ್ದಿಮೆದಾರರಿಗೆ ಒಂದು ಎಚ್ಚರಿಕೆಯ ಮಾತು ಅವಶ್ಯ. ನಮ್ಮ ದೇಶದಲ್ಲಿ ಬಂದೂಕಿನ ದುರಸ್ತಿಯು ಲೇತ್ ಇದ್ದವರೆಲ್ಲ ಕೈಹಾಕಬಹುದಾದ ಕೆಲಸವಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಕಲಮಿನ ಪ್ರಕಾರ ಬಂದೂಕುಗಳ ತಯಾರಿಕೆ ಮತ್ತು ಮಾರಾಟಕ್ಕೆ ಹೇಗೋ ಹಾಗೆ ದುರಸ್ತಿಗೂ ಪರವಾನಗಿ ಬೇಕು. 2019ರ ತಿದ್ದುಪಡಿಯ ನಂತರ ಇದರ ಉಲ್ಲಂಘನೆಗೆ ಕನಿಷ್ಠ ಏಳು ವರ್ಷಗಳಿಂದ ಜೀವಾವಧಿಯವರೆಗೆ ಸೆರೆವಾಸವನ್ನು ವಿಧಿಸಬಹುದಾಗಿದೆ. ಕೊಡಗಿನಲ್ಲಿ ಕೆಲವು ವರ್ಗದವರಿಗೆ ಇರುವ ವಿನಾಯಿತಿ ಬಂದೂಕನ್ನು ಹೊಂದಿರುವುದಕ್ಕೆ ಸಂಬಂಧಿಸಿದ್ದೇ ಹೊರತು, ಊರಿನ ಇಂಜಿನಿಯರಿಂಗ್ ಅಂಗಡಿಗೆ ದುರಸ್ತಿಯ ಅಧಿಕಾರ ಕೊಡುವಂಥದ್ದಲ್ಲ. ಪರಿಚಯಸ್ಥರು 'ಒಂದು ಸಣ್ಣ ಸ್ಕ್ರೂ ಅಷ್ಟೇ' ಎಂದು ತಂದುಕೊಟ್ಟರೂ ಪರವಾನಗಿ ಪಡೆದ ಅಂಗಡಿಯ ದಾರಿ ತೋರಿಸಿ ಕಳುಹಿಸುವುದೇ ಕ್ಷೇಮ.

ತಂತಿಯ ಸುರುಳಿ

ಪಿಸ್ತೂಲಿನ ಬುಷ್ಷಿನ ಹಿಂದಿರುವ ವಿಚಾರವನ್ನೇ ಇನ್ನಷ್ಟು ಸೂಕ್ಷ್ಮಗೊಳಿಸಿದ್ದು ತಂತಿಯ ಇನ್‌ಸರ್ಟ್. ಅಮೆರಿಕದಲ್ಲಿ 1930ರ ದಶಕದಲ್ಲಿ ರೂಪುಗೊಂಡ ಈ ಸಾಧನವು ಎರಡನೆಯ ಮಹಾಯುದ್ಧದ ಕಾಲದ ವಿಮಾನ ಎಂಜಿನ್ನುಗಳಲ್ಲಿ ವ್ಯಾಪಕ ಬಳಕೆಗೆ ಬಂದಿತು. ಅಲ್ಯೂಮಿನಿಯಂ ಸಿಲಿಂಡರ್ ಹೆಡ್‌ಗಳಿಂದ ಸ್ಪಾರ್ಕ್ ಪ್ಲಗ್ಗುಗಳನ್ನು ಮತ್ತೆ ಮತ್ತೆ ಬಿಚ್ಚಬೇಕಾಗುತ್ತಿದ್ದುದರಿಂದ ಥ್ರೆಡ್ ಉಳಿಸಿಕೊಳ್ಳುವುದು ಅಲ್ಲಿ ಪ್ರಾಣದ ಪ್ರಶ್ನೆಯಾಗಿತ್ತು. ಒಂದು ಕಂಪನಿಯ ವ್ಯಾಪಾರನಾಮವಾದ ಹೆಲಿಕಾಯಿಲ್ ಎಂಬುದು ಇಂದು ನಮ್ಮ ವರ್ಕ್‌ಶಾಪುಗಳಲ್ಲಿ ಆ ಜಾತಿಯ ಎಲ್ಲ ಇನ್‌ಸರ್ಟುಗಳಿಗೂ ಸಾಮಾನ್ಯ ಹೆಸರಾಗಿ ನಿಂತಿದೆ.

ಇದು ಸ್ಟೇನ್‌ಲೆಸ್ ಸ್ಟೀಲಿನ, ವಜ್ರಾಕೃತಿಯ ಅಡ್ಡಕೊಯ್ತವುಳ್ಳ ತಂತಿಯ ಸ್ಪ್ರಿಂಗು. ಅದರ ಹೊರಮೈ ಹೌಸಿಂಗಿನ ಥ್ರೆಡ್ಡಿನಲ್ಲಿ ಕೂರುತ್ತದೆ, ಒಳಮೈ ಬೋಲ್ಟಿಗೆ ಹೊಸ ಥ್ರೆಡ್ಡಾಗುತ್ತದೆ. ಬಿಡುವಾಗಿದ್ದಾಗ ಸುರುಳಿ ರಂಧ್ರಕ್ಕಿಂತ ತುಸು ದೊಡ್ಡದು. ಕೂರಿಸುವಾಗ ಕುಗ್ಗಿ, ಕುಳಿತ ಮೇಲೆ ಹಿಗ್ಗಿ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ಪ್ರತ್ಯೇಕ ಅಂಟು ಬೇಕಾಗುವುದಿಲ್ಲ.

ಎಂ6ರ ಲೆಕ್ಕವನ್ನೇ ತೆಗೆದುಕೊಳ್ಳಬಹುದು. ಇನ್‌ಸರ್ಟಿಗೆ ಕೊರೆಯಬೇಕಾದ ಡ್ರಿಲ್ ಸುಮಾರು 6.3 ಮಿ.ಮೀ.; ಅನಂತರ ಹೊಡೆಯುವ ವಿಶೇಷ ಟ್ಯಾಪಿನ ಹೊರ ವ್ಯಾಸ ಸುಮಾರು 7.3 ಮಿ.ಮೀ., ಪಿಚ್ ಮಾತ್ರ ಎಂ6ರದೇ, ಅಂದರೆ 1 ಮಿ.ಮೀ. ರಂಧ್ರದ ಮಧ್ಯಬಿಂದುವಿನಿಂದ ಹೌಸಿಂಗಿನ ಅಂಚು 6 ಮಿ.ಮೀ. ದೂರದಲ್ಲಿದೆಯೆಂದು ಭಾವಿಸಿದರೆ, ಮೂಲದಲ್ಲಿ 3 ಮಿ.ಮೀ. ಗೋಡೆ ಇತ್ತು, ಇನ್‌ಸರ್ಟ್ ಹಾಕಿದ ಮೇಲೆ 2.35 ಉಳಿಯುತ್ತದೆ, ಎಂ8 ಟ್ಯಾಪ್ ಹೊಡೆದಿದ್ದರೆ 2 ಮಿ.ಮೀ. ಮಾತ್ರ ಉಳಿಯುತ್ತಿತ್ತು. ಮೂಲ ಬೋಲ್ಟನ್ನು ಉಳಿಸಿಕೊಂಡೂ ಲೋಹ ಹೆಚ್ಚು ಉಳಿಯಿತು. ಅಲ್ಯೂಮಿನಿಯಂ ಈಗ ಹಿಡಿದಿರುವುದು 6 ಮಿ.ಮೀ.ಗೆ ಬದಲಾಗಿ 7.3 ಮಿ.ಮೀ. ವ್ಯಾಸದ ಮೇಲೆ, ಅಂದರೆ ಅದೇ ಆಳದಲ್ಲಿ ಹಿಡಿತದ ಕ್ಷೇತ್ರ ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚೇ ಏರಿದೆ. ಬೋಲ್ಟು ಉಜ್ಜುವುದು ಸ್ಟೇನ್‌ಲೆಸ್ ಸ್ಟೀಲಿನ ಮೇಲಾದ್ದರಿಂದ ಮತ್ತೆ ಮತ್ತೆ ಬಿಚ್ಚಿ ಹಾಕಿದರೂ ಸವೆತ ಕಡಿಮೆ. ಸರಿಯಾಗಿ ಕೂರಿಸಿದ ಇನ್‌ಸರ್ಟು ಅಲ್ಯೂಮಿನಿಯಂನ ಮೂಲ ಥ್ರೆಡ್ಡಿಗಿಂತ ಬಲವಾಗಿರುವುದು ಇದರಿಂದಲೇ.

ಕೆಡುವುದು ಕೂರಿಸುವ ರೀತಿಯಲ್ಲಿ. ಕೈ ಡ್ರಿಲ್ಲಿನಿಂದ ಅಂದಾಜಿನ ಮೇಲೆ ಕೊರೆದರೆ ರಂಧ್ರ ವಾಲುತ್ತದೆ. ಹಳೆಯ ರಂಧ್ರದಿಂದ ತೆಗೆಯಬೇಕಾದ ಲೋಹ ಅತ್ಯಲ್ಪವಾದ್ದರಿಂದ ಡ್ರಿಲ್ ಕಚ್ಚಿ ಎಳೆದುಕೊಳ್ಳುವ ಸಂಭವವಿರುತ್ತದೆ. ಹೌಸಿಂಗನ್ನು ಯಂತ್ರದ ಮೇಜಿಗೆ ಭದ್ರವಾಗಿ ಬಿಗಿದು, ಮೂಲ ಮಧ್ಯಬಿಂದುವನ್ನು ಡಯಲ್ ಗೇಜಿನಿಂದ ಹಿಡಿದ ನಂತರವೇ ಕೊರೆಯಬೇಕು. ಹತ್ತು ನಿಮಿಷದ ಈ ಸಿದ್ಧತೆಗೆ ಬೇಸರಿಸಿದವರು ಹೌಸಿಂಗನ್ನು ಎರಡನೆಯ ಸಲ ಕೆಡಿಸುತ್ತಾರೆ, ಆಮೇಲೆ ದುರಸ್ತಿಗೆ ಲೋಹವೇ ಉಳಿದಿರುವುದಿಲ್ಲ. ವಿಶೇಷ ಟ್ಯಾಪ್ ಕೈಯಲ್ಲಿಲ್ಲವೆಂದು, ಪಿಚ್ ಒಂದೇ ಅಲ್ಲವೇ ಎಂದುಕೊಂಡು ಎಂ7 ಟ್ಯಾಪ್ ಹೊಡೆಯುವ ಜಾಣ್ಮೆಯೂ ಅಲ್ಲಲ್ಲಿ ಇದೆ. 7 ಮತ್ತು 7.3ರ ನಡುವಿನ ಅಂತರದಲ್ಲಿ ಇನ್‌ಸರ್ಟು ಕುಗ್ಗಿ ಕೂತು ಬೋಲ್ಟನ್ನು ಕಚ್ಚುತ್ತದೆ. ಅಲ್ಯೂಮಿನಿಯಂಗೆ ಟ್ಯಾಪ್ ಹೊಡೆಯುವಾಗ ಒಂದಿಷ್ಟು ಸೀಮೆಎಣ್ಣೆ ಅಥವಾ ಟ್ಯಾಪಿಂಗ್ ಎಣ್ಣೆ ಹಾಕುವುದು ಹಳೆಯ ಫಿಟ್ಟರುಗಳೆಲ್ಲ ಬಲ್ಲ ವಿಷಯ. ಟ್ಯಾಪ್ ಮುಗಿದ ಮೇಲೆ, ಇನ್‌ಸರ್ಟ್ ಹಾಕುವ ಮುನ್ನ, ಆ ರಂಧ್ರಕ್ಕೆ ಮೀಸಲಾದ ಪ್ಲಗ್ ಗೇಜಿನಿಂದ ಪರೀಕ್ಷಿಸಬೇಕು. ಇನ್‌ಸರ್ಟು ಕೂತ ಮೇಲೆ ಸಾಮಾನ್ಯ ಎಂ6 ಗೇಜಿನಿಂದ ಇನ್ನೊಮ್ಮೆ.

ಸುರುಳಿಯನ್ನು ಮೇಲ್ಮೈಗಿಂತ ಕಾಲರಿಂದ ಅರ್ಧ ಸುತ್ತಿನಷ್ಟು ಕೆಳಗೆ ನಿಲ್ಲಿಸಬೇಕು. ಮೇಲೆ ಚಾಚಿದರೆ ಮುಚ್ಚಳ ಸಮನಾಗಿ ಕೂರುವುದಿಲ್ಲ. ಬೋಲ್ಟಿನ ಜೊತೆ ಸುರುಳಿಯೂ ಎದ್ದುಬರಬಹುದು. ಕೊನೆಯಲ್ಲಿ ಸುರುಳಿಯ ತುದಿಯ ಚಿಕ್ಕ ಕೊಂಡಿಯನ್ನು ಮುರಿದು ತೆಗೆಯಬೇಕು. ಗೇರ್ ಪೆಟ್ಟಿಗೆಗೋ ಹೈಡ್ರಾಲಿಕ್ ಕವಾಟಕ್ಕೋ ತೆರೆದುಕೊಳ್ಳುವ ರಂಧ್ರವಾದರೆ ಆ ಅಕ್ಕಿಕಾಳಿನಷ್ಟು ಉಕ್ಕಿನ ಚೂರು ಒಳಗೆ ಬಿದ್ದು ಮಾಡುವ ಅನಾಹುತ ಮೂಲ ತೊಂದರೆಗಿಂತ ದೊಡ್ಡದು. ಒಂಬತ್ತು ಇನ್‌ಸರ್ಟ್ ಕೂರಿಸಿದರೆ ಒಂಬತ್ತು ಕೊಂಡಿಗಳನ್ನು ತಟ್ಟೆಯಲ್ಲಿ ಎಣಿಸಿ ಇಡಬೇಕು. ಎಂಟೇ ಇದ್ದರೆ ಒಂಬತ್ತನೆಯದು ಸಿಗುವವರೆಗೆ ಹೌಸಿಂಗ್ ಕಟ್ಟೆ ಬಿಟ್ಟು ಕದಲಬಾರದು. ಕೊಂಡಿಯೇ ಇಲ್ಲದ ಇನ್‌ಸರ್ಟುಗಳೂ ದೊರೆಯುತ್ತವೆ, ಬೆಲೆ ಹೆಚ್ಚು.

ಕೆಲವು ಕಡೆ ಈ ದುರಸ್ತಿ ಸಲ್ಲದು. ರಂಧ್ರದ ಬಾಯಿಯಲ್ಲಿ ಬಿರುಕಿದ್ದರೆ, ಅಂಚಿನ ಗೋಡೆ ಈಗಾಗಲೇ ತೆಳುವಾಗಿದ್ದರೆ ಅಲ್ಲಿಗೆ ಕೈಬಿಡಬೇಕು. ತಂತಿಯ ಸುರುಳಿಯ ಹಿಂಬದಿಯಿಂದ ಎಣ್ಣೆ ಅಥವಾ ಗಾಳಿ ಸುತ್ತಿ ಹೊರಬರಲು ದಾರಿಯಿರುವುದರಿಂದ ಒತ್ತಡ ತಡೆಯಬೇಕಾದ ರಂಧ್ರಕ್ಕೆ ಅದನ್ನೇ ನಂಬಲಾಗದು. ಅಲ್ಲಿ ಗಟ್ಟಿ ಬುಷ್ ಹಾಕಿ ಸೀಲ್ ಮಾಡುವ ಬೇರೆ ವಿಧಾನ ಬೇಕು. ಭಾರ ಎತ್ತುವ ಐ ಬೋಲ್ಟಿನ ರಂಧ್ರ, ವಾಹನದ ಬ್ರೇಕು ಮತ್ತು ಸ್ಟೀರಿಂಗಿನ ಭಾಗಗಳಲ್ಲಿ ಮೂಲ ತಯಾರಕನ ಲಿಖಿತ ಒಪ್ಪಿಗೆಯಿಲ್ಲದೆ ಯಾವ ದುರಸ್ತಿಯೂ ಕೂಡದು. ಮಂಗಳೂರು, ಮಲ್ಪೆಯಂಥ ಕಡಲತೀರದಲ್ಲಿ ಉಪ್ಪುಗಾಳಿಗೆ ಒಡ್ಡಿಕೊಳ್ಳುವ ಅಲ್ಯೂಮಿನಿಯಂ ಭಾಗಗಳಲ್ಲಿ ಸ್ಟೇನ್‌ಲೆಸ್ ತಂತಿ ಮತ್ತು ಅಲ್ಯೂಮಿನಿಯಂ ನಡುವೆ ವಿದ್ಯುತ್‌ರಾಸಾಯನಿಕ ಕೊರೆತ ಶುರುವಾಗುವ ಕಾರಣ, ಸೂಕ್ತ ಪ್ರೈಮರ್ ಹಚ್ಚದೆ ಕೂರಿಸಬಾರದು.

ರೀವರ್ಕೋ, ರಿಪೇರಿಯೋ?

ತಾಂತ್ರಿಕವಾಗಿ ಕೆಲಸ ಇಲ್ಲಿಗೆ ಮುಗಿಯಿತು. ಸಾಮಗ್ರಿ ಸಿದ್ಧವಿದ್ದರೆ ಒಂದು ರಂಧ್ರಕ್ಕೆ ಅರ್ಧ ಗಂಟೆ ಸಾಕು. ಬಹುಪಾಲು ಘಟಕಗಳು ಎಡವುವುದು ಇದರ ನಂತರ.

ಗುಣಮಟ್ಟದ ಪರಿಭಾಷೆಯಲ್ಲಿ ರೀವರ್ಕ್ ಮತ್ತು ರಿಪೇರಿ ಎಂಬ ಎರಡು ಪದಗಳಿಗೆ ಬೇರೆ ಬೇರೆ ಅರ್ಥವಿದೆ. ದೋಷಯುಕ್ತ ಬಿಡಿಭಾಗವನ್ನು ಮತ್ತೆ ನಕ್ಷೆಯಲ್ಲಿ ಹೇಳಿದ ಸ್ಥಿತಿಗೇ ತಂದರೆ ಅದು ರೀವರ್ಕ್. ಬಳಕೆಗೆ ಯೋಗ್ಯವಾದರೂ ನಕ್ಷೆಯಲ್ಲಿ ಹೇಳಿದಂತೆ ಇಲ್ಲವಾದರೆ ಅದು ರಿಪೇರಿ. ನಕ್ಷೆಯಲ್ಲಿ ಅಲ್ಯೂಮಿನಿಯಂ ರಂಧ್ರಕ್ಕೆ ಎಂ6 ಥ್ರೆಡ್ ಎಂದಷ್ಟೇ ಇರುವಾಗ ಇನ್‌ಸರ್ಟ್ ಕೂರಿಸುವುದು, ಅದು ಮೂಲಕ್ಕಿಂತ ಬಲವಾಗಿದ್ದರೂ, ರಿಪೇರಿಯೇ. ಇದು ಬರೀ ಪದಗಳ ಜಗಳವೆಂದು ತಳ್ಳಿಹಾಕುವಂತಿಲ್ಲ. ಐಎಸ್‌ಒ 9001:2015ರ 8.7ನೆಯ ಪ್ರಕರಣವು ಇಂಥ ಮಾಲನ್ನು ಗುರುತಿಸಿ, ಸರಿಪಡಿಸಿದ ಮೇಲೆ ಮತ್ತೆ ಪರೀಕ್ಷಿಸಿ, ಏನು ಮಾಡಲಾಯಿತು ಮತ್ತು ಯಾರು ಒಪ್ಪಿದರು ಎಂಬುದನ್ನು ದಾಖಲಿಸಬೇಕೆನ್ನುತ್ತದೆ. ವಾಹನೋದ್ಯಮಕ್ಕೆ ಸರಬರಾಜು ಮಾಡುವವರಿಗೆ ಅನ್ವಯಿಸುವ ಐಎಟಿಎಫ್ 16949:2016 ಇನ್ನೂ ಬಿಗಿ. ರಿಪೇರಿ ಮಾಡಿದ ಮಾಲಿಗೆ ಗ್ರಾಹಕನ ಲಿಖಿತ ಅನುಮತಿ ಇರಲೇಬೇಕು.

ಪೀಣ್ಯದ ಅನೇಕ ಘಟಕಗಳಲ್ಲಿ, ಬೆಳಗಾವಿ ಮತ್ತು ಶಿವಮೊಗ್ಗದ ಎರಕ ಆಧಾರಿತ ಉದ್ದಿಮೆಗಳಲ್ಲಿ ಪ್ರಮಾಣಪತ್ರ ಗೋಡೆಯ ಮೇಲೆ ತೂಗುತ್ತಿದ್ದರೂ, ಶನಿವಾರ ಸಂಜೆಯ ರವಾನೆಯ ಒತ್ತಡದಲ್ಲಿ ಈ ನಿಯಮ ನೆನಪಾಗುವುದು ಅಪರೂಪ. ಕೇಳಿದರೆ ಬೇಡ ಎಂದಾರು, ಹೇಳದಿದ್ದರೆ ಗೊತ್ತಾಗುವುದಿಲ್ಲ ಎಂಬುದು ತರ್ಕ. ಗೊತ್ತಾಗುತ್ತದೆ. ಸ್ಟೇನ್‌ಲೆಸ್ ತಂತಿಯ ಹೊಳಪನ್ನು ಒಳಬರುವ ಮಾಲಿನ ತಪಾಸಕ ಒಂದು ಟಾರ್ಚಿನಿಂದ ಕಂಡುಹಿಡಿಯಬಲ್ಲ. ಒಮ್ಮೆ ಕಂಡರೆ ಆ ಕಂತಿನ ಎಲ್ಲ ಹೌಸಿಂಗ್‌ಗಳ ಎಲ್ಲ ರಂಧ್ರಗಳನ್ನೂ ಪರೀಕ್ಷಿಸುವ ಖರ್ಚು ಸರಬರಾಜುದಾರನ ತಲೆಗೆ ಬರುತ್ತದೆ. ಆಗ ಪ್ರಶ್ನೆ ಒಂದು ರಂಧ್ರದ್ದಾಗಿ ಉಳಿಯುವುದಿಲ್ಲ. ಇನ್ನೇನೇನು ಮುಚ್ಚಿಟ್ಟಿದ್ದಾರೆ ಎಂಬುದಾಗುತ್ತದೆ.

ಇದಕ್ಕೆ ಬದಲು ಅನುಭವಿ ಘಟಕಗಳು ಅನುಸರಿಸುವ ಕ್ರಮ ಸರಳವಾಗಿದೆ. ಕೆಟ್ಟ ಹೌಸಿಂಗಿಗೆ ಕೆಂಪು ಚೀಟಿ ಕಟ್ಟಿ ಬೇರೆ ಇಡುತ್ತಾರೆ. ಕ್ರಮಸಂಖ್ಯೆ, ಯಾವ ರಂಧ್ರ, ಅಂಚಿಗೆ ಉಳಿದ ಗೋಡೆ ಎಷ್ಟು, ಉದ್ದೇಶಿಸಿರುವ ಇನ್‌ಸರ್ಟಿನ ಅಳತೆ ಮತ್ತು ಉದ್ದ ಎಷ್ಟು ಎಂಬ ವಿವರಗಳನ್ನು ರೇಖಾಚಿತ್ರದೊಡನೆ ಒಂದೇ ಪುಟದಲ್ಲಿ ಬರೆದು ಅನುಮತಿ ಕೋರುತ್ತಾರೆ. ಕೆಟ್ಟ ಕಾರಣವನ್ನೂ ಬರೆಯುತ್ತಾರೆ. ತಮ್ಮ ತಪ್ಪಾದರೆ ತಮ್ಮದೆಂದೇ. ಉಳಿದ ಮಾಲು ಹೊತ್ತಿಗೆ ಹೋಗುತ್ತದೆ, ಆ ಒಂದು ಮಾತ್ರ ನಿಲ್ಲುತ್ತದೆ. ಖರೀದಿ ವಿಭಾಗಕ್ಕೂ ಎರಕ ಪೋಲಾಗುವುದು ಬೇಕಿರುವುದಿಲ್ಲ. ಆದುದರಿಂದ ಭಾರ ಹೊರದ ರಂಧ್ರಗಳಿಗೆ ಒಪ್ಪಿಗೆ ದೊರೆಯುವ ಸಾಧ್ಯತೆ ಕಡಿಮೆಯೇನಲ್ಲ. ದೊರೆಯದಿದ್ದರೆ ಒಂದು ಹೌಸಿಂಗಿನ ನಷ್ಟ. ಅದರ ಮಿತಿ ಮೊದಲೇ ಗೊತ್ತಿರುತ್ತದೆ. ಆದೇಶ ಒಪ್ಪಿಕೊಳ್ಳುವ ಹಂತದಲ್ಲಿಯೇ ಶೇಕಡಾ ಇಷ್ಟರವರೆಗಿನ ರಂಧ್ರಗಳನ್ನು ಈ ವಿಧಾನದಿಂದ ದುರಸ್ತಿ ಮಾಡಬಹುದು ಎಂಬ ಷರತ್ತನ್ನು ಬರೆಸಿಕೊಂಡರೆ ಪ್ರತಿ ಸಲ ಕಾಯುವ ತಾಪತ್ರಯವೂ ತಪ್ಪುತ್ತದೆ.

ಇಂಥ ಪುಟಗಳನ್ನು ಕಡತದಲ್ಲಿ ಇಟ್ಟುಕೊಂಡವರಿಗೆ ಇನ್ನೊಂದು ಪ್ರಯೋಜನವಿದೆ. ಆರು ತಿಂಗಳ ಪುಟಗಳನ್ನು ಜೋಡಿಸಿ ನೋಡಿದಾಗ ಎಂಟು ರಂಧ್ರಗಳ ಪೈಕಿ ಪದೇ ಪದೇ ಕೆಡುವುದು ಒಂದೇ ರಂಧ್ರ ಎಂಬುದು ಹೊರಬೀಳಬಹುದು. ಆ ರಂಧ್ರದ ಹಿಡಿತದ ಆಳ ಉಳಿದವಕ್ಕಿಂತ ಕಡಿಮೆಯಿದ್ದರೆ ದೋಷ ನಕ್ಷೆಯದು, ಅದನ್ನು ತೋರಿಸಲು ಕೈಯಲ್ಲಿ ಸಾಕ್ಷ್ಯವೂ ಇದೆ. ಗ್ರಾಹಕನ ವಿನ್ಯಾಸ ವಿಭಾಗ ಅದನ್ನು ಒಪ್ಪಿ ನಕ್ಷೆಯ ಮುಂದಿನ ಪರಿಷ್ಕರಣೆಯಲ್ಲಿ ಆ ರಂಧ್ರಕ್ಕೆ ಮೊದಲಿನಿಂದಲೇ ಇನ್‌ಸರ್ಟ್ ಹಾಕಬೇಕೆಂದು ಬರೆದರೆ, ನಿನ್ನೆಯವರೆಗೆ ರಿಪೇರಿಯಾಗಿದ್ದ ಕೆಲಸ ನಾಳೆಯಿಂದ ದರಪಟ್ಟಿಯಲ್ಲಿ ಪ್ರತ್ಯೇಕ ಸಾಲಾಗಿ ಸೇರುತ್ತದೆ. ಅದಕ್ಕೆ ಕೂಲಿಯೂ ದೊರೆಯುತ್ತದೆ.